ತುಳಸಿಕಟ್ಟೆಗೆ ಹೋದ ಹಸಿರು ವೈರು

ಕಿವಿಗಳನ್ನು ನೀರಿನೊಳಗಿಟ್ಟು, ಮೂಗು ಮತ್ತು ಹೊಟ್ಟೆಯನ್ನು ಮಾತ್ರ ಹೊರಗೆ ಬಿಟ್ಟು ಅಂಗಾತ ತೇಲುವ ಮನುಷ್ಯನಿಗಿಂತ ಸುಖಿ ಈ ಲೋಕದಲ್ಲಿ ಇನ್ನೊಬ್ಬನಿಲ್ಲ ಎಂದು ನಾನು ನಂಬಿದ್ದೇನೆ. ಆ ಸುಖದಲ್ಲಿ ಮುಕ್ಕಾಲು ಪಾಲು ನೀರಿನದಲ್ಲ, ಕಿವಿಯದು. ಕಣ್ಣಿಗೆ ರೆಪ್ಪೆ ಕೊಟ್ಟ ದೇವರು ಕಿವಿಗೇಕೆ ಕೊಡಲಿಲ್ಲ ಎಂದು ಮೂವತ್ತನಾಲ್ಕು ವರ್ಷ ಸರ್ಕಾರಿ ಕಚೇರಿಯಲ್ಲಿ ಕುಳಿತು ಕೊರಗಿದವನು ನಾನು. ಕೊಟ್ಟಿದ್ದಾನೆ, ಆದರೆ ಅದನ್ನು ನೀರಿನಲ್ಲಿ ಇಟ್ಟಿದ್ದಾನೆ ಎಂಬುದು ನಿವೃತ್ತಿಯಾದ ಮೇಲೆ ತಿಳಿಯಿತು. ಹಾಗೆ ತೇಲುತ್ತ ಮಲಗಿದರೆ ಹೊರಗಿನ ಗಲಾಟೆಯೆಲ್ಲ ಹದವಾದ ಒಂದು ಗುಂಯ್ ಶಬ್ದವಾಗಿ ಇಳಿದುಬರುತ್ತದೆ. ಮುಂದಿನ ಬೀದಿಯ ಮಸೀದಿಯ ಬಾಂಗು, ಹಿಂದಿನ ಬೀದಿಯ ಗುಡಿಯ ಗಂಟೆ, ಪಕ್ಕದ ಮನೆಯ ಕುಕ್ಕರಿನ ಮೂರನೆಯ ಕೂಗು, ಸೊಪ್ಪಿನವಳ ದನಿ ಎಲ್ಲವೂ ಜಗಳ ಮರೆತು ಒಟ್ಟಿಗೆ ಹಾಡುತ್ತವೆ. ಹೆಂಡತಿ ದಡದಲ್ಲಿ ನಿಂತು ಏನಾದರೂ ಹೇಳಿದರೆ ತುಟಿ ಆಡುವುದಷ್ಟೇ ಕಾಣುತ್ತದೆ. ನಾನು ನಕ್ಕು ತಲೆಯಾಡಿಸುತ್ತೇನೆ. ಹೀಗೆ ತಲೆಯಾಡಿಸಿದ್ದರಿಂದ ಒಂದು ಜೀವ ಹೋಗುವುದರಲ್ಲಿತ್ತು. ಅದನ್ನು ಯಾರ ಹತ್ತಿರವಾದರೂ ಒಪ್ಪಿಕೊಳ್ಳದಿದ್ದರೆ ನನಗೆ ಸಮಾಧಾನವಿಲ್ಲ.

ಚಾಮರಾಜಪೇಟೆಯಲ್ಲಿ ನಮ್ಮ ಮನೆ ಇದೆ, ಮನೆಯ ಹಿಂದೆ ಈಜುಕೊಳವಿದೆ ಎಂದರೆ ಕೇಳಿದವರು ಮೊದಲು ನನ್ನ ಮುಖ ನೋಡುತ್ತಾರೆ. ಸ್ಕೂಟರು ನಿಲ್ಲಿಸುವುದಕ್ಕೆ ಜಾಗವಿಲ್ಲದ ಬೀದಿಯಲ್ಲಿ ಈಜುಕೊಳವೆಲ್ಲಿಂದ ಬಂತು ಎಂಬ ಅನುಮಾನ ಸಹಜವೇ. ವಿಷಯ ಇಷ್ಟು. ಮನೆ ನನ್ನ ಮಾವ ಕಟ್ಟಿಸಿದ್ದು; ಕಾಗದದಲ್ಲೂ ಮಾತಿನಲ್ಲೂ ಅದು ನನ್ನ ಹೆಂಡತಿ ಸರೋಜಳದು. ನಲ್ಲಿಯಲ್ಲಿ ನೀರು ಬಂದರೆ ಬಂತು ಎನ್ನುವ ಕಾಲದಲ್ಲಿ ಮಾವ ಹಿತ್ತಲಿನಲ್ಲಿ ಹದಿನಾಲ್ಕು ಅಡಿ ಉದ್ದ, ಎಂಟು ಅಡಿ ಅಗಲದ ಒಂದು ಕಲ್ಲಿನ ತೊಟ್ಟಿ ಕಟ್ಟಿಸಿದ್ದರು. ಆಮೇಲೆ ಸಂಪು ಬಂತು, ಬೋರ್‌ವೆಲ್ ಬಂತು, ತೊಟ್ಟಿಯಲ್ಲಿ ತೆಂಗಿನ ಗರಿ ಮತ್ತು ಮುರಿದ ಕುರ್ಚಿಗಳು ವಾಸಕ್ಕೆ ಬಂದವು. ನಿವೃತ್ತಿಯಾದ ಮರುವಾರ ನಾನು ಆ ತೊಟ್ಟಿಯ ಅಂಚಿನಲ್ಲಿ ಕುಳಿತು, ಕಾಫಿ ಕುಡಿಯುತ್ತ, ಅದರ ತುಂಬ ನೀಲಿ ನೀರು ನಿಂತಿರುವಂತೆ ಕನಸು ಕಂಡೆ. ತೊಳೆಯಲು ಲೋಟ ಕೇಳಿಕೊಂಡು ಬಂದ ಸರೋಜ ನನ್ನ ಮುಖ ನೋಡಿ, "ಏನೋ ಹುಚ್ಚು ಹಿಡಿದಿದೆ ನಿಮಗೆ" ಎಂದು ಆಗಲೇ ಹೇಳಿದಳು.

ಆ ಹುಚ್ಚಿಗೆ ಕಾರಣವಿಲ್ಲದಿಲ್ಲ. ನಾನು ಮಾಗಡಿ ಕಡೆಯ ಹಳ್ಳಿಯವನು. ನಾನು ಹುಟ್ಟಿದಾಗ ನಮ್ಮಮ್ಮ ಯಾರೋ ಶಾಸ್ತ್ರಿಗಳಿಗೆ ಜಾತಕ ತೋರಿಸಿದ್ದಳಂತೆ. ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತ, "ಮಗುವಿಗೆ ಜಲಗಂಡಾಂತರವಿದೆ, ನೀರಿನ ಕಡೆ ಬಿಡಬೇಡಿ" ಎಂದರಂತೆ. ಅಷ್ಟೇ ಸಾಕಾಯಿತು. ಊರಿನ ಹುಡುಗರೆಲ್ಲ ಕೆರೆಗೆ ಧುಮುಕುವಾಗ ನಾನು ಏರಿಯ ಮೇಲೆ ಕುಳಿತು ಅವರ ಚಡ್ಡಿ ಅಂಗಿ ಕಾಯುತ್ತಿದ್ದೆ. ಹಬ್ಬದ ಎಣ್ಣೆಸ್ನಾನಕ್ಕೂ ನಮ್ಮಮ್ಮ ನನಗೆ ಸಣ್ಣ ಚೊಂಬಿನಲ್ಲಿ ನೀರು ಹಾಕುತ್ತಿದ್ದಳು. ಬಟ್ಟೆ ಕಾಯುವ ಆ ಕೆಲಸವೇ ಮುಂದೆ ನನ್ನ ಸ್ವಭಾವವಾಯಿತೇನೋ. ಕಚೇರಿಯಲ್ಲಿ ನಾನು ಯಾವ ಕಡತವನ್ನೂ ಸುಮ್ಮನೆ ಮುಂದಕ್ಕೆ ಬಿಟ್ಟವನಲ್ಲ. ಎಲ್ಲದಕ್ಕೂ ಒಂದು ತಕರಾರು, ಒಂದು ಆಕ್ಷೇಪಣೆ, ಕೆಳಗೊಂದು ರುಜು. ಬೆನ್ನ ಹಿಂದೆ ನನ್ನನ್ನು 'ತಕರಾರು ಸಾಹೇಬ್ರು' ಎನ್ನುತ್ತಿದ್ದರು. ಎರಡು ಸಲ ಅದೇ ಕಾರಣಕ್ಕೆ ವರ್ಗವೂ ಆಯಿತು. ಅರವತ್ತಾದ ಮೇಲಾದರೂ ಏರಿಯಿಂದ ಇಳಿದು ನೀರಿಗೆ ಹೋಗೋಣ ಅನ್ನಿಸಿದ್ದು ತಪ್ಪೇ? ಸರೋಜಳ ಮಂಡಿನೋವಿಗೆ ಡಾಕ್ಟರು ನೀರಿನಲ್ಲಿ ನಡೆಯುವುದು ಒಳ್ಳೆಯದು ಎಂದದ್ದು ನನಗೆ ದೇವರೇ ಬರೆದುಕೊಟ್ಟ ಮಂಜೂರಾತಿಯಾಯಿತು. ಅವಳು ಎರಡು ದಿನ ಇಳಿದು ನಡೆದಳು. ಮೂರನೆಯ ದಿನ, "ಒದ್ದೆ ಸೀರೇಲಿ ಹತ್ತೋ ಅಷ್ಟ್ರಲ್ಲಿ ಇನ್ನೊಂದು ಮಂಡಿನೂ ಹೋಗತ್ತೆ" ಎಂದು ಕೈಬಿಟ್ಟಳು. ಕೊಳ ನನಗೆ ಉಳಿಯಿತು.

ತೊಟ್ಟಿಗೆ ನೀಲಿ ಟೈಲ್ಸ್ ಹಾಕಿಸಿದೆ. ಹತ್ತಿ ಇಳಿಯಲು ಸ್ಟೀಲಿನ ಏಣಿ, ನೀರು ಸೋಸಲು ಒಂದು ಪಂಪು, ಸಂಜೆಯ ಅಂದಕ್ಕೆ ನೀರಿನೊಳಗೊಂದು ದೀಪ. ಇವಕ್ಕೆಲ್ಲ ಕರೆಂಟು ಹಂಚಲು ಹಿತ್ತಲಿನಲ್ಲೇ ಪ್ರತ್ಯೇಕವಾದ ಸಣ್ಣ ಬೋರ್ಡು ಬೇಕಾಯಿತು. ಹಿಂದಿನ ಗೋಡೆಯಲ್ಲಿ ಅತ್ತೆಯವರು ಸಂಜೆ ಹಣತೆ ಇಡುತ್ತಿದ್ದ ಗೂಡೊಂದು ಖಾಲಿ ಇತ್ತು. ಬೋರ್ಡನ್ನು ಅಲ್ಲೇ ಕೂರಿಸಿದ್ದು ನನ್ನ ಯೋಜನೆ. ಕೊಳದಲ್ಲಿ ಯಾರಾದರೂ ಜೋರಾಗಿ ಕಾಲು ಬಡಿದರೆ ಅದಕ್ಕೆ ಸಣ್ಣದಾಗಿ ಪ್ರೋಕ್ಷಣೆಯಾಗುತ್ತಿತ್ತು ಎಂಬುದನ್ನು ಬಿಟ್ಟರೆ ಜಾಗ ಅಚ್ಚುಕಟ್ಟಾಗಿತ್ತು. ಆಯುಧಪೂಜೆಯ ದಿನ ಸರೋಜ ಅದಕ್ಕೆ ನಿಜವಾಗಿಯೂ ನೀರು ಚಿಮುಕಿಸಿ, ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಮುಡಿಸಿದಳು. ನಾನು ಕೈಮುಗಿದೆ.

ವೈರಿಂಗ್ ಮಾಡಲು ಬಂದ ಮೇಸ್ತ್ರಿ ಎಲ್ಲ ಮುಗಿಸಿ, ಕೊನೆಯಲ್ಲಿ ಒಂದು ಹಸಿರು ವೈರು ಹಿಡಿದು ನಿಂತ. "ಸಾರ್, ಇದು ಅರ್ತ್. ನೆಲದಲ್ಲಿ ಆಳವಾಗಿ ಗುಂಡಿ ತೋಡಿ ಹೂಳ್ಬೇಕು. ಆ ಗುಂಡಿಗೆ ನೀರು ಹಾಕ್ತಾ ಇರ್ಬೇಕು, ಮಣ್ಣು ಯಾವಾಗ್ಲೂ ಹಸಿಯಾಗಿರ್ಬೇಕು" ಎಂದ. ಹಿತ್ತಲಿಗೆಲ್ಲ ಹೊಸದಾಗಿ ಹಾಸುಗಲ್ಲು ಹಾಕಿಸಿ ಎಂಟು ದಿನವೂ ಆಗಿರಲಿಲ್ಲ. ಅದನ್ನು ಒಡೆಯುವುದೇ? ಅಲ್ಲದೆ ಒಂದು ಗುಂಡಿಗೆ ದಿನಾ ನೆನಪಿಟ್ಟುಕೊಂಡು ನೀರು ಹಾಕುವ ಶಿಸ್ತು ನನಗೆಲ್ಲಿಯದು? ಆಗ ನನ್ನ ಕಣ್ಣು ಕೊಳದ ಆಚೆ ಬದಿಯ ತುಳಸಿಕಟ್ಟೆಯ ಮೇಲೆ ಬಿತ್ತು. ಅಲ್ಲಿ ಮಣ್ಣಿದೆ. ಸರೋಜ ಜ್ವರ ಬಂದರೂ ತಪ್ಪದೆ ದಿನಾ ಒಂದು ಚೊಂಬು ನೀರು ಹಾಕುತ್ತಾಳೆ. ಮಣ್ಣು ಹಸಿಯಾಗಿರಬೇಕು ಎಂಬ ನಿಯಮವನ್ನು ನನ್ನ ಮದುವೆಯಾದಂದಿನಿಂದ ಈ ಮನೆಯಲ್ಲಿ ಪಾಲಿಸುತ್ತಿರುವ ಏಕೈಕ ಸ್ಥಳ ಅದು. "ಇಲ್ಲಿ ಹೂಳಯ್ಯಾ" ಎಂದೆ. ಅವನು ಒಂದು ಕ್ಷಣ ನನ್ನನ್ನು ನೋಡಿದ. ಅವನಿಗೂ ಸಂಜೆಯಾಗಿತ್ತು, ಹಾಸುಗಲ್ಲು ಒಡೆಯುವ ಮನಸ್ಸಿರಲಿಲ್ಲ. ಹಾಸುಗಲ್ಲಿನ ಸಂದಿಯಲ್ಲಿ ವೈರು ಎಳೆದು, ತುಳಸಿಯ ಬುಡದಲ್ಲಿ ಒಂದು ತಾಮ್ರದ ಕಡ್ಡಿ ನೆಟ್ಟು, ಕೈ ತೊಳೆದುಕೊಂಡು ಹೋದ. ಆ ದಿನ ನಾನು ಬಹಳ ಹೊತ್ತು ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡು ಓಡಾಡಿದೆ.

ಬೋರ್ಡಿನಲ್ಲಿ ಮೇಸ್ತ್ರಿ ಇನ್ನೊಂದು ಸಾಮಾನು ಕೂರಿಸಿದ್ದ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಒಂದು ಪುಟ್ಟ ಗುಂಡಿ, ಒಂದು ಸನ್ನೆ. ಕರೆಂಟು ಹೋಗಬಾರದ ಕಡೆ ಸೋರಿದರೆ ಅದು ಕೂಡಲೇ ತಾನೇ ಕೆಳಕ್ಕೆ ಬಿದ್ದು ಎಲ್ಲವನ್ನೂ ಆರಿಸಿಬಿಡುತ್ತದಂತೆ. ಅದು ಬೀಳುವುದಕ್ಕೆ ಶುರುವಾಯಿತು ನೋಡಿ! ನಾನು ತೇಲುತ್ತ, ತೆಂಗಿನ ಗರಿಗಳ ನಡುವೆ ಗರುಡ ಸುತ್ತುವುದನ್ನು ನೋಡುತ್ತ ಇನ್ನೇನು ನಿದ್ದೆಗೆ ಜಾರಬೇಕು, ಟಪ್! ಪಂಪು ನಿಂತಿತು. ಎದ್ದು, ತೊಟ್ಟಿಕ್ಕುತ್ತ ಹೋಗಿ, ಎತ್ತಿ ಬಂದು ಮಲಗಿದರೆ ಮತ್ತೆ ಟಪ್. ಒಂದು ವಾರ ಸಹಿಸಿದೆ. ಅಷ್ಟರಲ್ಲಿ ಗೀಸರ್ ರಿಪೇರಿಗೆ ಬಂದವನೊಬ್ಬ ಸಿಕ್ಕಿದ. ಅವನಿಗೆ ಹೇಳಿದೆ. ಅವನು ನಮ್ಮೂರಿನವರೆಲ್ಲ ಇಂಥ ಹೊತ್ತಿನಲ್ಲಿ ಹೇಳುವ ಮಾತನ್ನೇ ಹೇಳಿದ: "ಡೈರೆಕ್ಟ್ ಕೊಟ್ಬಿಡ್ಲಾ ಸಾರ್?" ಡೈರೆಕ್ಟ್ ಕೊಡುವುದೆಂದರೆ ನಡುವೆ ಅಡ್ಡಿ ಮಾಡುವವರನ್ನು ಬಿಟ್ಟು ಸೀದಾ ಹೋಗುವುದು. ನನ್ನ ಕಚೇರಿಯಲ್ಲೂ ಜನ ನನ್ನನ್ನು ಬಿಟ್ಟು ಸೀದಾ ಮೇಲಿನವರ ಹತ್ತಿರ ಹೋಗುತ್ತಿದ್ದರು. ಆಗ ನನಗೆ ರಾತ್ರಿ ಊಟ ಸೇರುತ್ತಿರಲಿಲ್ಲ. ಈಗ ಅದೇ ನಾನು, "ಕೊಟ್ಬಿಡು ಮಾರಾಯ" ಎಂದೆ. ಅವನು ಎರಡು ವೈರುಗಳನ್ನು ತಿರುಚಿ ಟೇಪು ಸುತ್ತಿದ. ಆ ಸಾಮಾನು ಬೋರ್ಡಿನಲ್ಲಿ ಸುಮ್ಮನೆ ಕುಳಿತಿತ್ತು, ವರ್ಗವಾದ ಅಧಿಕಾರಿ ಹಳೆಯ ಕುರ್ಚಿಯಲ್ಲಿ ಕುಳಿತ ಹಾಗೆ.

ಆಮೇಲಿನ ಮೂರು ವಾರ ನನ್ನ ಜೀವನದ ಅತ್ಯಂತ ನೆಮ್ಮದಿಯ ವಾರಗಳು. ಬೆಳಿಗ್ಗೆ ಹನ್ನೊಂದರ ಬಿಸಿಲು ಕೊಳಕ್ಕೆ ಬೀಳುವ ಹೊತ್ತಿಗೆ ನಾನು ನೀರಿನಲ್ಲಿರುತ್ತಿದ್ದೆ. ಸುತ್ತ ಮೂರು ಕಡೆ ಮೂರು ಮೂರು ಮಹಡಿಯ ಮನೆಗಳು ಎದ್ದಿರುವುದರಿಂದ ನಮಗೆ ಉಳಿದಿರುವುದು ಸೀರೆಯಷ್ಟಗಲದ ಆಕಾಶ. ಆದರೆ ಅಂಗಾತ ಮಲಗಿದವನಿಗೆ ಅದು ಸಾಕು. ಮೋಡ ಒಂದು ಮನೆಯ ಟ್ಯಾಂಕಿನ ಹಿಂದಿನಿಂದ ಹೊರಟು ಇನ್ನೊಂದು ಮನೆಯ ಒಣಹಾಕಿದ ಬಟ್ಟೆಗಳ ಹಿಂದೆ ಮರೆಯಾಗುವವರೆಗೆ ಎಷ್ಟು ಹೊತ್ತಾಗುತ್ತದೆಂದು ನಾನು ನೋಡಲು ಹೋಗುತ್ತಿರಲಿಲ್ಲ. ಒಮ್ಮೊಮ್ಮೆ ನಮ್ಮೂರ ಕೆರೆಯೇ ಕಾಣುತ್ತಿತ್ತು. ಏರಿಯ ಮೇಲೆ ಯಾರೋ ಹುಡುಗ ನನ್ನ ಬಟ್ಟೆ ಕಾಯುತ್ತ ಕುಳಿತಿದ್ದಾನೆ, ನಾನು ನಡುನೀರಿನಲ್ಲಿದ್ದೇನೆ. ಹತ್ತಲು ಏಣಿ ಹಿಡಿದಾಗ ಅಂಗೈಯಲ್ಲಿ ಸಣ್ಣಗೆ ಜುಮ್ ಎನ್ನುತ್ತಿತ್ತು. ಜಡವಾಗಿದ್ದ ನರಗಳು ಕೊನೆಗೂ ಎಚ್ಚರವಾಗುತ್ತಿವೆ, ಇದೆಲ್ಲ ಜಲಚಿಕಿತ್ಸೆಯ ಪ್ರಭಾವ ಎಂದುಕೊಂಡೆ. ಭೇಟಿಯಾದ ಇಬ್ಬರು ಗೆಳೆಯರಿಗೂ ಹೇಳಿದೆ.

ಸರೋಜಳಲ್ಲೂ ಏನೋ ಬದಲಾವಣೆ ಕಂಡಿತು. ಮೊದಲೆಲ್ಲ ತುಳಸಿಗೆ ನೀರು ಹಾಕಿ, ಒಂದು ಸುತ್ತು ಬಂದು, ಸಾರಿಗೆ ಬೇಳೆ ಇಡಲು ಓಡುತ್ತಿದ್ದವಳು ಈಗ ಕಟ್ಟೆಯ ಮುಂದೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಬುಡದ ಮಣ್ಣು ಮುಟ್ಟಿ ಹಣೆಗೆ ಇಟ್ಟುಕೊಳ್ಳುತ್ತಿದ್ದಳು. ಮುಖದಲ್ಲಿ ಅಪರೂಪದ ಶಾಂತಿ. ನನ್ನ ಮೇಲೆ ರೇಗುವುದೂ ಕಡಿಮೆಯಾಗಿತ್ತು. ಮನೆಗೆ ಈಜುಕೊಳ ಬಂದರೆ ಎಲ್ಲರ ಮನಸ್ಸೂ ತಿಳಿಯಾಗುತ್ತದೆ ಎಂದು ನಾನು ತಿಳಿದೆ. ಒಂದೆರಡು ಸಲ ಅವಳು ದಡಕ್ಕೆ ಬಂದು ಏನೋ ಹೇಳಿದ್ದುಂಟು. ತುಟಿ ಆಡಿತು, ಕೈ ತುಳಸಿಯ ಕಡೆ ತೋರಿಸಿತು. ಹೂವಿನ ವಿಷಯವಿರಬೇಕು ಎಂದುಕೊಂಡು ನಾನು ನಕ್ಕು ತಲೆಯಾಡಿಸಿದೆ.

ದೀಪಾವಳಿ ಕಳೆದು, ತುಳಸಿ ಹಬ್ಬಕ್ಕೆ ಇನ್ನು ಮೂರು ದಿನವಿರುವಾಗ ನೀರಿನೊಳಗಿನ ದೀಪ ಮಂಕಾಯಿತು. ಒಮ್ಮೆ ಮಿನುಗುವುದು, ಒಮ್ಮೆ ಕೆಂಪಗಾಗುವುದು. ಹಬ್ಬದ ಸಂಜೆ ಬೀದಿಯ ಹೆಂಗಸರೆಲ್ಲ ಬರುವಾಗ ಕೊಳ ಬೆಳಗುತ್ತಿರಬೇಕೆಂಬುದು ನನ್ನ ಆಸೆ. ಬಂದವರಲ್ಲಿ ನಾಲ್ಕು ಜನರಾದರೂ ಮನೆಗೆ ಹೋಗಿ ಗಂಡಂದಿರಿಗೆ ಹೇಳಬೇಕು ತಾನೆ. ಎರಡು ಬೀದಿ ಆಚೆ ಮೋಟಾರು ವೈಂಡಿಂಗ್ ಮಾಡುವ ಅಂಗಡಿಯೊಂದಿದೆ. ಫೋನ್ ಮಾಡಿ, "ಯಾರನ್ನಾದ್ರೂ ಕಳಿಸಿ ಅಮ್ಮಾ, ಲೈಟ್ ಬದಲಾಯಿಸ್ಬೇಕು" ಎಂದೆ. "ಯಾರನ್ನಾದ್ರೂ ಅಂದ್ರೆ ನಾನೇ ಸಾರ್. ನಾಳೆ ಅಂಗಡಿ ತೆಗೆಯೋಕೆ ಮುಂಚೆ ಬರ್ತೀನಿ" ಎಂದಿತು ಹೆಣ್ಣುದನಿ. ಮರುದಿನ ಬೆಳಿಗ್ಗೆ ಎಂಟಕ್ಕೆ ನಾಗರತ್ನಮ್ಮ ಬಂದರು. ಐವತ್ತರ ಆಸುಪಾಸು, ಚೂಡಿದಾರದ ಮೇಲೆ ಖಾಕಿ ಅಂಗಿ, ಕಾಲಿಗೆ ದಪ್ಪ ರಬ್ಬರ್ ಅಟ್ಟೆಯ ಬೂಟು. ಅಪ್ಪನ ಅಂಗಡಿಯನ್ನು ಇಪ್ಪತ್ತು ವರ್ಷದಿಂದ ಅವರೇ ನಡೆಸುತ್ತಿದ್ದಾರಂತೆ. ನಾನು ಕೊಳವನ್ನು ತೋರಿಸಿ ಅವರು ಬೆರಗಾಗುವುದನ್ನು ಕಾದೆ. ಅವರು ಕೊಳದ ಕಡೆ ನೋಡಲೇ ಇಲ್ಲ, ಗೂಡಿನ ಬಾಗಿಲು ತೆರೆದರು.

"ಕುಂಕುಮ ಹಚ್ಚಿದೀರ, ಒಳ್ಳೇದು" ಎಂದರು. "ಇದನ್ನ ಯಾರು ಸಾರ್ ಡೈರೆಕ್ಟ್ ಮಾಡಿದ್ದು?"

"ನಾನೇ ಮಾಡಿಸ್ದೆ. ಪದೇ ಪದೇ ಬೀಳ್ತಿತ್ತು."

"ಬೀಳೋದೇ ಸಾರ್ ಅದರ ಕೆಲ್ಸ. ಏನೋ ತಪ್ಪಾಗಿದೆ ಅಂತ ಹೇಳೋಕೆ ಅಂತಾನೇ ಇಟ್ಟಿರೋದು. ನೀವು ಅದರ ಬಾಯಿಗೆ ಬಟ್ಟೆ ತುರುಕಿದೀರ."

ಮೂವತ್ತನಾಲ್ಕು ವರ್ಷ ನಾನು ಮೇಲಧಿಕಾರಿಗಳಿಗೆ ಹೇಳಬೇಕೆಂದಿದ್ದ ಮಾತು ಅದು. ಅದನ್ನು ನನಗೇ ಯಾರಾದರೂ ಹೇಳುತ್ತಾರೆಂದು ಎಣಿಸಿರಲಿಲ್ಲ. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವರು ಏಣಿಯ ಹತ್ತಿರ ಹೋಗಿ ಟೆಸ್ಟರ್ ಇಟ್ಟರು. ಅದರೊಳಗಿನ ಪುಟ್ಟ ದೀಪ ಕೆಂಪಗೆ ಹೊತ್ತಿತು. ಚೀಲದಿಂದ ಮೀಟರ್ ತೆಗೆದು ಏನೋ ನೋಡಿದರು. "ಎಷ್ಟಿದೆ?" ಎಂದೆ. "ನಂಬರು ಬೇಡ ಸಾರ್, ನಿಮಗೆ ನಿದ್ದೆ ಬರಲ್ಲ. ನೀರೊಳಗೆ ಲೈಟಿನ ಜಾಯಿಂಟಿಗೆ ನೀರು ಹೋಗಿದೆ. ಹೋಗ್ಲಿ, ಅರ್ತ್ ಸರಿಯಾಗಿದ್ರೆ ಏಣಿಗೆ ಇಷ್ಟು ಬರ್ಬಾರ್ದು. ಈ ಹಸಿರು ವೈರು ಎಲ್ಲಿಗೆ ಹೋಗತ್ತೆ?" ಎನ್ನುತ್ತ ಅವರು ಹಾಸುಗಲ್ಲಿನ ಸಂದಿ ಹಿಡಿದು ಕೊಳದ ಆಚೆ ಬದಿಗೆ ನಡೆದರು.

ಕೊನೆಗೂ ನನಗೆ ಗೊತ್ತಿರುವ ಪ್ರಶ್ನೆ ಬಂತು ಎಂದು ನನಗೆ ಹುರುಪಾಯಿತು. ಬೋರ್ಡಿನ ಪಕ್ಕದಲ್ಲೇ ನಿಂತು, ಗುಂಡಿ, ಹಸಿ ಮಣ್ಣು, ದಿನಾ ನೀರು, ಸರೋಜಳ ನಿಷ್ಠೆ, ಎಲ್ಲವನ್ನೂ ವಿವರಿಸಿದೆ. "ಒಂದೇ ಚೊಂಬಿಗೆ ಎರಡು ಕೆಲಸ" ಎಂದು ಮುಗಿಸಿದೆ. ನಾಗರತ್ನಮ್ಮ ತುಳಸಿಕಟ್ಟೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದವರು ನಿಧಾನವಾಗಿ ನನ್ನ ಕಡೆ ತಿರುಗಿದರು. "ಸಾರ್, ಈ ಕಟ್ಟೆ ಕೆಳಗೆ ಸಿಮೆಂಟು. ಅದರ ಕೆಳಗೆ ಹಳೇ ಕಲ್ಲುಚಪ್ಪಡಿ. ಇದು ಭೂಮಿ ಅಲ್ಲ, ದೊಡ್ಡ ಕುಂಡ. ಕರೆಂಟು ಇಲ್ಲಿವರೆಗೂ ಬಂದು ಕೆಳಕ್ಕೆ ಇಳಿಯೋಕೆ ದಾರಿ ಇಲ್ಲದೆ ಕಾಯ್ತಾ ಕೂತಿದೆ. ಯಾರಾದ್ರೂ ಒದ್ದೆ ಕಾಲಲ್ಲಿ ಬಂದು ಮುಟ್ಲಿ, ಅವರ ಮೈಯಿಂದ ಇಳ್ಕೊಂಡು ಹೋಗೋಣ ಅಂತ."

ಅವರು ಹೇಳಿ ಮುಗಿಸುವುದಕ್ಕೂ ಹಿತ್ತಲ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು. ಸರೋಜ ಸ್ನಾನ ಮುಗಿಸಿ ಬಂದಿದ್ದಳು. ಒದ್ದೆ ತಲೆಗೆ ಸುತ್ತಿದ ಟವೆಲು, ಬರಿಗಾಲು, ಹಾಸುಗಲ್ಲಿನ ಮೇಲೆ ಒದ್ದೆ ಹೆಜ್ಜೆಗಳು, ಕೈಯಲ್ಲಿ ಬೆಳಗಿಟ್ಟ ತಾಮ್ರದ ಚೊಂಬು. ತುಟಿಯಲ್ಲಿ ಏನೋ ಶ್ಲೋಕ. ಬಂದವರನ್ನು ನೋಡಿ ಕಣ್ಣಿನಲ್ಲೇ ನಕ್ಕು, ಶ್ಲೋಕ ನಿಲ್ಲಿಸದೆ, ಒಂದು ಕೈಯಿಂದ ತುಳಸಿಯ ಬುಡ ಮುಟ್ಟಲು ಬಗ್ಗಿ ಚೊಂಬು ಓರೆ ಮಾಡಿದಳು. "ಅಮ್ಮಾ, ಮುಟ್ಬೇಡಿ! ಸಾರ್, ಮೇನ್ ಇಳಿಸಿ!" ಎಂದು ನಾಗರತ್ನಮ್ಮ ಕೂಗಿದರು. ಬೋರ್ಡಿನಲ್ಲಿ ಐದು ಸ್ವಿಚ್ಚುಗಳಿದ್ದವು. ಯಾವುದು ಮೇನ್ ಎಂದು ನನಗೆ ಗೊತ್ತಿರಲಿಲ್ಲ. ಅವಕ್ಕೆಲ್ಲ ಹೆಸರಿನ ಚೀಟಿ ಅಂಟಿಸಬೇಕೆಂದು ನಾನೇ ಮೇಸ್ತ್ರಿಗೆ ತಕರಾರು ಬರೆದುಕೊಟ್ಟು, ಆಮೇಲೆ ನಾನೇ ಮರೆತಿದ್ದೆ. ಎರಡೂ ಕೈಯಿಂದ ಐದನ್ನೂ ಒಟ್ಟಿಗೆ ಕೆಳಕ್ಕೆ ಬಡಿದೆ. ಬಡಿಯುತ್ತ, "ಸರೋಜಾ!" ಎಂದು ಕಿರುಚಿದೆ.

ಪಂಪು ನಿಂತು ಹಿತ್ತಲು ನಿಶ್ಶಬ್ದವಾಯಿತು. ಅವಳ ಬೆರಳು ಮಣ್ಣಿನಿಂದ ಗೇಣುದ್ದ ಮೇಲಿತ್ತು. ಅವಳು ನಿಂತದ್ದು ನಾಗರತ್ನಮ್ಮನ ಕೂಗಿಗಲ್ಲವಂತೆ. ಮದುವೆಯಾದಾಗಿನಿಂದ ನಾನು ಅವಳನ್ನು 'ಇವಳೇ', 'ಕೇಳ್ತಾ' ಎಂದು ಕರೆದವನೇ ಹೊರತು ಹೆಸರು ಹಿಡಿದವನಲ್ಲ. ಯಾರೋ ಸತ್ತುಹೋದರೇನೋ ಎಂದು ಹೆದರಿ ನಿಂತಳಂತೆ. ಕೊಳದ ಅಂಚಿನಲ್ಲಿ ಕುಳಿತುಬಿಟ್ಟೆ. ನನಗೆ ಅಳು ಬಂತು ಎಂದು ಹೇಳಿಕೊಳ್ಳಲು ಈಗ ನಾಚಿಕೆಯೇನಿಲ್ಲ. ಜಾತಕದಲ್ಲಿ ನನಗೆ ಬರೆದಿದ್ದ ಗಂಡಾಂತರವನ್ನು ನಾನೇ ವೈರು ಎಳೆಸಿ ಅವಳ ಚೊಂಬಿನವರೆಗೆ ಮುಟ್ಟಿಸಿದ್ದೆ. ಅದೂ ದಿನಾ, ಮೂರು ವಾರ.

ನಾಗರತ್ನಮ್ಮ ನಡೆದದ್ದನ್ನು ಹೇಳಿದಾಗ ಸರೋಜ ಚೊಂಬನ್ನು ಕೆಳಗಿಟ್ಟು ತನ್ನ ಬೆರಳುಗಳನ್ನು ನೋಡಿಕೊಂಡಳು. "ಹಾಗಾದ್ರೆ ಜುಮ್ ಅಂತಿದ್ದದ್ದು ಕರೆಂಟಾ?" ಎಂದಳು.

"ಹೂಂ ಅಮ್ಮ. ಇಷ್ಟು ದಿನ ಸ್ವಲ್ಪ ಸ್ವಲ್ಪ ಸೋರ್ತಿತ್ತು. ನಿನ್ನೆಯಿಂದ ಜಾಸ್ತಿ ಆಗಿದೆ. ಇವತ್ತು ಮುಟ್ಟಿದ್ರೆ..." ನಾಗರತ್ನಮ್ಮ ಟೆಸ್ಟರನ್ನು ಜೇಬಿಗೆ ಹಾಕಿಕೊಂಡರು.

"ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ?" ಎಂದೆ ನಾನು. ತಪ್ಪು ಮಾಡಿದವನಿಗೆ ಮೊದಲು ಬರುವುದು ಸಿಟ್ಟೇ.

ಸರೋಜ ನನ್ನ ಕಡೆ ತಿರುಗಿದಳು. "ಎರಡು ಸಲ ಹೇಳಿದೀನಿ ರೀ. ತುಳಸಿ ಮುಟ್ಟಿದ್ರೆ ಕೈಯೆಲ್ಲ ಜುಮ್ ಅನ್ನತ್ತೆ, ಏನಾದ್ರೂ ತೊಂದ್ರೆ ಇರ್ಬೋದಾ ಅಂತ. ನೀವು ತೇಲ್ತಾ ಇದ್ರಿ. ನಕ್ಕೊಂಡು ತಲೆ ಆಡಿಸಿದ್ರಿ. ಊಟದಲ್ಲಿ ಉಪ್ಪು ಕಮ್ಮಿ ಅಂತ, ಸೂರ್ಯ ಲೇಟಾಗಿ ಹುಟ್ಟಿದ ಅಂತ ತಕರಾರು ತೆಗೆಯೋ ಮನುಷ್ಯ, ಇದಕ್ಕೆ ಒಂದು ತಕರಾರೂ ತೆಗೀದೆ ನಗ್ತಿದಾರೆ ಅಂದ್ರೆ ಇದು ನಿಜವಾಗ್ಲೂ ದೇವರ ಮಹಿಮೆನೇ ಇರ್ಬೇಕು ಅಂದ್ಕೊಂಡೆ." ಆಮೇಲೆ ಸೇರಿಸಿದಳು: "ಹಬ್ಬಕ್ಕೆ ಬೀದೀಲಿ ಎಲ್ರನ್ನೂ ಕರ್ದಿದೀನಿ. ಮಕ್ಕಳನ್ನೂ ಕರ್ಕೊಂಡು ಬನ್ನಿ, ಎಲ್ರೂ ಒಂದೊಂದ್ಸಲ ಮುಟ್ಟಿ ನೋಡಿ ಅಂತ."

ನಾಗರತ್ನಮ್ಮ ಬಾಯಿಯ ಮೇಲೆ ಕೈ ಇಟ್ಟುಕೊಂಡರು.

ಅಂದೇ ಕೆಲಸ ಶುರುವಾಯಿತು. ನಾಗರತ್ನಮ್ಮ ಅಂಗಡಿಯನ್ನು ಮಧ್ಯಾಹ್ನದವರೆಗೆ ಮುಚ್ಚಿ, ಎಸ್.ಪಿ. ರಸ್ತೆಗೆ ಹೋಗಿ ಸಾಮಾನು ತಂದರು. ನಾನು ಕಾಪಾಡಿಕೊಂಡಿದ್ದ ಹಾಸುಗಲ್ಲನ್ನು ಕಾಂಪೌಂಡಿನ ಮೂಲೆಯಲ್ಲಿ ಒಡೆದರು. ಹಿಂದಾಗಿದ್ದರೆ ಪ್ರತಿ ಪೆಟ್ಟಿಗೂ ನನ್ನ ಎದೆ ಒಡೆಯುತ್ತಿತ್ತು. ಅಂದು ನಾನೇ, "ಇನ್ನೂ ಸ್ವಲ್ಪ ಆಳಕ್ಕೆ ಹೋಗ್ಲಿ" ಎನ್ನುತ್ತ ಮಣ್ಣು ಹೊತ್ತು ಹಾಕಿದೆ. ಆಳುದ್ದಕ್ಕಿಂತ ಆಳದ ಗುಂಡಿಯಲ್ಲಿ ನಿಜವಾದ ಕೆಮ್ಮಣ್ಣು ಸಿಕ್ಕಿತು, ತಂಪಾದ ವಾಸನೆ ಬಂತು. ತಾಮ್ರದ ತಗಡು ಇಳಿಸಿ, ಸುತ್ತ ಇದ್ದಿಲು ಮತ್ತು ಉಪ್ಪು ತುಂಬಬೇಕೆಂದರು. ಸರೋಜ ಒಳಗಿನಿಂದ ಕಲ್ಲುಪ್ಪಿನ ಡಬ್ಬಿಯನ್ನೇ ತಂದು ಸುರಿದಳು. "ಉಪ್ಪು ಕಮ್ಮಿ ಅನ್ನೋರಿಗೆ ಇರ್ಲಿ" ಎಂದಳು. ಅಷ್ಟು ಹೊತ್ತಿನ ಮೇಲೆ ಅವಳು ಆಡಿದ ಮೊದಲ ಮಾತು ಅದು. ನನಗೆ ಜೀವ ಬಂದಂತಾಯಿತು.

ತುಳಸಿಯ ಬುಡದ ಕಡ್ಡಿಯನ್ನೂ ಹಸಿರು ವೈರನ್ನೂ ಕಿತ್ತುಹಾಕಿ, ಏಣಿ, ಪಂಪಿನ ಮೈ, ಕಬ್ಬಿಣದ ಸಾಮಾನು ಎಲ್ಲವನ್ನೂ ಒಂದೇ ವೈರಿನಲ್ಲಿ ಸೇರಿಸಿ ಆ ಗುಂಡಿಗೆ ಕಟ್ಟಿದರು. ನೀರಿನ ದೀಪ ತೆಗೆದು ಹನ್ನೆರಡು ವೋಲ್ಟಿನದನ್ನು ಹಾಕಿದರು. ಬೋರ್ಡನ್ನು ಗೂಡಿನಿಂದ ಕಿತ್ತು, ಕೊಳದಿಂದ ದೂರ, ಅಡುಗೆಮನೆಯ ಹೊರಗೋಡೆಯ ಮೇಲೆ ನೀರು ಹೋಗದ ಡಬ್ಬಿಯಲ್ಲಿ ಕೂರಿಸಿದರು. ಸ್ವಿಚ್ಚುಗಳ ಕೆಳಗೆ ನಾನೇ ದುಂಡಗೆ ಹೆಸರು ಬರೆದು ಅಂಟಿಸಿದೆ. ನಾನು ಬಾಯಿ ಕಟ್ಟಿಸಿದ್ದ ಆ ಬೀಳುವ ಸಾಮಾನಿನ ಜಾಗದಲ್ಲಿ ಹೊಸದು ಬಂತು. ಮೂರನೆಯ ದಿನ ಹೊರಡುವ ಮುಂಚೆ ನಾಗರತ್ನಮ್ಮ ಸರೋಜಳನ್ನು ಕರೆದು ತೋರಿಸಿದರು. ನನ್ನನ್ನು ಕರೆಯಲಿಲ್ಲ. "ಅಮ್ಮಾ, ಈ ಪುಟ್ಟ ಬಟನ್ ಇದೆಯಲ್ಲ, ಇದು ಟೆಸ್ಟ್. ತಿಂಗಳಿಗೊಂದ್ಸಲ ಒತ್ತಿ. ಒತ್ತಿದ ತಕ್ಷಣ ಬಿದ್ರೆ ಸರಿಯಾಗಿದೆ ಅಂತ. ಬೀಳ್ಲಿಲ್ಲ, ಇಲ್ಲಾ ಲೇಟಾಗಿ ಬಿತ್ತು ಅಂದ್ರೆ ಅದನ್ನ ನಂಬಬೇಡಿ, ನನ್ನ ಕರೀರಿ."

ಹಬ್ಬದ ಸಂಜೆ ತುಳಸಿಕಟ್ಟೆಗೆ ನೆಲ್ಲಿಯ ಕೊಂಬೆ ನೆಟ್ಟು, ಸುತ್ತ ಹಣತೆಗಳನ್ನಿಟ್ಟರು. ಖಾಲಿಯಾದ ಗೂಡಿಗೂ ಹಳೆಯ ಕಾಲದಂತೆ ಒಂದು ದೀಪ ಬಂತು. ಕೊಳದ ನೀರಿನಲ್ಲಿ ದೀಪಗಳು ಎರಡೆರಡಾಗಿ ಕಾಣುತ್ತಿದ್ದವು. ಬೀದಿಯ ಹೆಂಗಸರು ಬಂದರು, ಮಕ್ಕಳು ಬಂದರು, ಎಲ್ಲರೂ ಸಾಲಾಗಿ ತುಳಸಿಯ ಬುಡ ಮುಟ್ಟಿದರು. "ಏನೂ ಅನ್ನಿಸ್ಲಿಲ್ಲವಲ್ಲ ಸರೋಜಮ್ಮ?" ಎಂದು ಒಬ್ಬರು ಕೇಳಿದರು. "ನೀವು ಒಳ್ಳೆಯೋರು, ನಿಮಗೆ ಆಗಲ್ಲ" ಎಂದು ಇವಳು ತೇಲಿಸಿಬಿಟ್ಟಳು. ಎಲ್ಲರೂ ಹೋದ ಮೇಲೆ ಅವಳೊಬ್ಬಳೇ ಹೋಗಿ ಮಣ್ಣು ಮುಟ್ಟಿ, ಕಣ್ಣು ಮುಚ್ಚಿ ನಿಂತದ್ದನ್ನು ನಾನು ಬಾಗಿಲಿನಿಂದ ನೋಡಿದೆ. ಸ್ವಲ್ಪ ಹೊತ್ತು ಕಾದು ಕೈ ತೆಗೆದಳು. ಮುಖದಲ್ಲಿ ಸಣ್ಣ ನಿರಾಸೆ. ಅವಳ ಜೀವ ಉಳಿಯಿತೆಂಬ ಸಂತೋಷದ ನಡುವೆಯೂ, ಬಂದಿದ್ದ ದೇವರನ್ನು ನಾನೇ ವೈರು ಕತ್ತರಿಸಿ ಕಳಿಸಿದೆನಲ್ಲ ಎಂದು ನನಗೆ ಪಾಪಪ್ರಜ್ಞೆ ಕಾಡಿತು. ಹತ್ತಿರ ಹೋಗಿ ನಿಂತೆ. "ಇವಾಗ ಬರೀ ತಣ್ಣಗಿದೆ" ಎಂದಳು. "ತಣ್ಣಗಿರ್ಲಿ ಬಿಡು" ಎಂದೆ. ಈಗ ಅವಳು ದಿನಾ ಎರಡು ಚೊಂಬು ನೀರು ತರುತ್ತಾಳೆ, ಒಂದು ತುಳಸಿಗೆ, ಇನ್ನೊಂದು ಮೂಲೆಯ ಗುಂಡಿಗೆ. ಗುಂಡಿಯ ಮುಚ್ಚಳದ ಮೇಲೆ ಒಂದು ಹೂವೂ ಇರುತ್ತದೆ.

ನಾನು ಮತ್ತೆ ತೇಲಲು ಹದಿನೈದು ದಿನ ಬೇಕಾಯಿತು. ಮೊದಮೊದಲು ಕಿವಿ ಮೇಲಿಟ್ಟೇ ತೇಲಬೇಕೆಂದು ಪ್ರಯತ್ನಿಸಿದೆ. ಆಗುವುದಿಲ್ಲ. ತಲೆ ಎತ್ತಿದರೆ ಸೊಂಟ ಇಳಿಯುತ್ತದೆ, ಸೊಂಟ ಇಳಿದರೆ ಕಾಲು ನೆಲ ಮುಟ್ಟುತ್ತದೆ, ಆಮೇಲೆ ನೀರಿನಲ್ಲಿ ನಿಂತ ಮುದುಕನಾಗಿ ಉಳಿಯುತ್ತೇನೆ. ಆದ್ದರಿಂದ ಒಂದು ಕಣ್ಣನ್ನು ಆಕಾಶದ ಮೇಲೂ ಇನ್ನೊಂದನ್ನು ದಡದ ಮೇಲೂ ಇಟ್ಟು ತೇಲುವುದನ್ನು ಅಭ್ಯಾಸ ಮಾಡಿಕೊಂಡೆ. ನಾನು ಬದಲಾಗಿದ್ದೇನೆ ಎಂದು ನನಗೆ ಖಾತ್ರಿಯಾಗಿತ್ತು. ಮೊನ್ನೆ ತಿಂಗಳ ಮೊದಲ ದಿನ. ಬಿಸಿಲು ಹಿತವಾಗಿತ್ತು, ಸೀರೆಯಗಲದ ಆಕಾಶದಲ್ಲಿ ನಮ್ಮೂರ ಕೆರೆಯಷ್ಟು ದೊಡ್ಡ ಮೋಡವೊಂದು ಹೊರಟಿತ್ತು. ಅಡುಗೆಮನೆಯ ಗೋಡೆಯ ಕಡೆ ಟಪ್ ಎಂದದ್ದು ನೀರಿನೊಳಗೂ ತಿಳಿಯಿತು. ಪಂಪು ನಿಂತಿತು, ಮತ್ತೆ ಶುರುವಾಯಿತು. ಮೋಡ ಇನ್ನೇನು ಬಟ್ಟೆಗಳ ಹಿಂದೆ ಹೋಗಬೇಕು, ದಡದಲ್ಲಿ ಸರೋಜಳ ತುಟಿ ಆಡುತ್ತಿರುವುದು ಕಂಡಿತು. ಒಂದು ಗುಟುಕು ನೀರು ಕುಡಿದು, ಕೆಮ್ಮುತ್ತ ಎದ್ದು ನಿಂತೆ.

"ಏನು? ಏನಾಯ್ತು? ಏನಂದೆ?"

"ಏನೂ ಇಲ್ಲ ರೀ. ಟೆಸ್ಟ್ ಮಾಡ್ದೆ ಅಷ್ಟೆ."

"ಆಗ್ಲೇ ಮಾಡಿದ್ಯಲ್ಲ? ಬಿತ್ತಲ್ಲ?"

"ಅದು ಬೋರ್ಡು. ಒತ್ತಿದ ತಕ್ಷಣ ಬಿತ್ತು" ಎಂದಳು ಸರೋಜ, ಖಾಲಿ ಚೊಂಬನ್ನು ಸೊಂಟಕ್ಕೆ ಆನಿಸಿಕೊಂಡು ಒಳಕ್ಕೆ ಹೊರಡುತ್ತ. "ನಿಮ್ಮನ್ನ ಮೂರು ಸಲ ಕೂಗ್ಬೇಕಾಯ್ತು. ನಾಗರತ್ನಮ್ಮನ್ನ ಕರೆಸ್ಬೇಕೋ ಏನೋ."